ಹೆಸರು ಮರೆಸಿದ ಮದ್ಯ

ಮದ್ಯವು ತನ್ನ ನಿಜನಾಮವನ್ನು ಹೇಳಿಕೊಂಡು ಮನೆಯ ಬಾಗಿಲಿಗೆ ಬಂದಾಗ ಅದನ್ನು ಹೊರಗೆ ನಿಲ್ಲಿಸುವುದು ಅಷ್ಟೇನೂ ಕಷ್ಟವಲ್ಲ. ಸಾರಾಯಿ, ಬ್ರಾಂದಿ, ವಿಸ್ಕಿ ಎಂಬ ಹೆಸರು ಕಿವಿಗೆ ಬಿದ್ದೊಡನೆಯೇ ಸದ್ಭಕ್ತರ ಮನೆಯ ಹಿರಿಯರು ಎಚ್ಚರಗೊಳ್ಳುತ್ತಾರೆ. ಆದರೆ ಅದೇ ಮದ್ಯವು ಹಣ್ಣಿನ ರಸವೆಂಬ ಸೌಮ್ಯನಾಮವನ್ನು ಧರಿಸಿ, ಹವ್ಯಾಸವೆಂಬ ವೇಷವನ್ನು ತೊಟ್ಟು, ಅಡುಗೆಮನೆಯ ಮೂಲೆಯಲ್ಲಿಯೇ ಹುಟ್ಟಿಕೊಂಡರೆ ಅದನ್ನು ಗುರುತಿಸುವವರಾರು? ಅಂಗಡಿಯಿಂದ ಸೇಬಿನ ರಸವನ್ನು ತಂದು, ಮನೆಯಲ್ಲಿಯೇ ಅದನ್ನು ಹುದುಗೆಬ್ಬಿಸಿ ‘ಸೈಡರ್’ ಎಂಬ ಪಾನೀಯವನ್ನು ತಯಾರಿಸುವ ರೂಢಿಯನ್ನು ಕುರಿತು ಈ ಮಾತನ್ನು ಹೇಳಬೇಕಾಗಿದೆ.

ಈ ರೂಢಿಯು ಇಂಗ್ಲೆಂಡ್ ಮತ್ತು ಅಮೆರಿಕ ದೇಶಗಳದು. ಅಂದ ಮಾತ್ರಕ್ಕೆ ಇದು ಪರರ ಮನೆಯ ಸುದ್ದಿಯೆಂದು ನಾವು ಸುಮ್ಮನಿರುವಂತಿಲ್ಲ. ಮಠಗಳ ಪ್ರಸಾದನಿಲಯಗಳಲ್ಲಿ ಉಂಡು ಓದಿದವರು ಇಂದು ಆ ದೇಶಗಳಲ್ಲಿ ವೈದ್ಯರಾಗಿ, ಎಂಜಿನಿಯರರಾಗಿ, ಅಧ್ಯಾಪಕರಾಗಿ ನೆಲೆಸಿದ್ದಾರೆ. ನೆರೆಹೊರೆಯ ರೂಢಿಯು ಅವರ ಮನೆಯ ಹೊಸ್ತಿಲನ್ನು ಮುಟ್ಟುವುದು ಸಹಜ. ಮೇಲಾಗಿ ಈ ಪಾನೀಯದ ಹೆಸರಿನಲ್ಲಿಯೇ ಒಂದು ಗೊಂದಲವಿದೆ. ಇಂಗ್ಲೆಂಡಿನಲ್ಲಿ ಸೈಡರ್ ಎಂದರೆ ಮದ್ಯವೇ. ಅಮೆರಿಕದಲ್ಲಾದರೋ ಬರಿದೆ ಸೈಡರ್ ಎಂದರೆ ಸಾಮಾನ್ಯವಾಗಿ ಆಗತಾನೆ ಹಿಂಡಿದ, ಅಮಲಿಲ್ಲದ ಸೇಬಿನ ರಸ. ‘ಹಾರ್ಡ್’ ಎಂಬ ವಿಶೇಷಣವು ಸೇರಿದರೆ ಮಾತ್ರ ಮದ್ಯ. ಒಂದೇ ಹೆಸರು, ಒಂದೇ ಬಣ್ಣ, ಒಂದೇ ಬಗೆಯ ಸೀಸೆ. ಅಪಾಯವು ಅಡಗಿರುವುದು ಇಲ್ಲಿಯೇ.

ಮೊದಲು ಇದರ ತಯಾರಿಕೆಯನ್ನು ಇದ್ದುದಿದ್ದಂತೆ ತಿಳಿಯೋಣ. ಒಂದು ಲೀಟರ್ ಸೇಬಿನ ರಸದಲ್ಲಿ ಸುಮಾರು 100ರಿಂದ 110 ಗ್ರಾಂ ಸಕ್ಕರೆಯ ಅಂಶವಿರುತ್ತದೆ. ರಸಕ್ಕೆ ಯೀಸ್ಟ್ ಎಂಬ ಸೂಕ್ಷ್ಮಜೀವಿಯನ್ನು ಬೆರೆಸಿ, ಒಳಗಿನ ಅನಿಲವು ಹೊರಹೋಗುವಂತೆಯೂ ಹೊರಗಿನ ಗಾಳಿಯು ಒಳಬಾರದಂತೆಯೂ ಪಾತ್ರೆಯ ಬಾಯಿಗೆ ನೀರು ತುಂಬಿದ ಸಣ್ಣ ಕೊಳವೆಯನ್ನು ಜೋಡಿಸಿಡುತ್ತಾರೆ. ಎರಡು ಮೂರು ವಾರಗಳಲ್ಲಿ ಆ ಜೀವಿಯು ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲದ ಡೈ ಆಕ್ಸೈಡನ್ನೂ ಹೊರಬಿಡುತ್ತದೆ. ರಸಾಯನಶಾಸ್ತ್ರದ ಲೆಕ್ಕದಂತೆ 180 ಗ್ರಾಂ ಗ್ಲೂಕೋಸಿನಿಂದ 92 ಗ್ರಾಂ ಮದ್ಯಸಾರವೂ 88 ಗ್ರಾಂ ಅನಿಲವೂ ಉಂಟಾಗುತ್ತವೆ. ಎಂದರೆ ಸಕ್ಕರೆಯ ತೂಕದ ಸರಿಸುಮಾರು ಅರ್ಧಭಾಗವು ಮದ್ಯವಾಗಿ ಪರಿಣಮಿಸುತ್ತದೆ. ಕೊನೆಗೆ ಪಾತ್ರೆಯಲ್ಲಿ ಉಳಿಯುವುದು ನೂರಕ್ಕೆ 5ರಿಂದ 6 ಪಾಲು ಮದ್ಯಸಾರವುಳ್ಳ ಪಾನೀಯ. ಇದು ಸಾಮಾನ್ಯ ಬಿಯರಿಗೆ ಸಮ. ಮೇಲೆ ಸಕ್ಕರೆಯನ್ನು ಸುರಿದು ಹುದುಗೆಬ್ಬಿಸಿದರೆ ಅದಕ್ಕಿಂತಲೂ ತೀಕ್ಷ್ಣ. ಬಿಯರನ್ನು ಮದ್ಯವೆಂದು ಒಪ್ಪುವವರು ಇದನ್ನು ರಸವೆಂದು ಕರೆಯುವುದು ಯಾವ ನ್ಯಾಯ?

ಇದನ್ನು ಸಮರ್ಥಿಸುವವರ ಮೊದಲನೆಯ ವಾದವಿದು: “ಹುದುಗು ಬರುವುದು ಪ್ರಕೃತಿಯ ಧರ್ಮ. ದೋಸೆಯ ಹಿಟ್ಟು ಹುದುಗು ಬರುವುದಿಲ್ಲವೆ? ಹಾಲು ಹೆಪ್ಪಾಗುವುದಿಲ್ಲವೆ? ಸೇಬಿನ ರಸವೂ ಹಾಗೆಯೇ.” ಈ ವಾದವು ಕೇಳಲು ಇಂಪಾಗಿದೆ; ವಿಚಾರಿಸಿದರೆ ನಿಲ್ಲುವುದಿಲ್ಲ. ದೋಸೆಯ ಹಿಟ್ಟಿನಲ್ಲಿ ನಾವು ಬಯಸುವುದು ಉಬ್ಬನ್ನು ಮತ್ತು ತುಸು ಹುಳಿಯನ್ನು. ಸೈಡರಿನಲ್ಲಿ ಬಯಸುವುದು ಅಮಲನ್ನು. ಅಮಲು ಬೇಡವಾಗಿದ್ದರೆ ಅಂಗಡಿಯಿಂದ ತಂದ ರಸವನ್ನು ತಂದ ದಿನವೇ ಕುಡಿಯಬಹುದಾಗಿತ್ತಲ್ಲ!

ಹಿಂದಿನ ಕಾಲದ ಡೆವನ್ ಅಥವಾ ಹೆರಿಫರ್ಡ್ ಪ್ರಾಂತದ ರೈತನು ಪ್ರಕೃತಿಯ ಮಾತನ್ನು ಆಡಿದ್ದರೆ ಒಪ್ಪಬಹುದಿತ್ತು. ಆತನ ತೋಟದ ಸೇಬು ಶರತ್ಕಾಲದಲ್ಲಿ ಒಮ್ಮೆಲೇ ಹಣ್ಣಾಗುತ್ತಿತ್ತು. ಹಿಂಡಿದ ರಸವನ್ನು ಕೆಡದಂತೆ ಕಾಪಾಡುವ ವಿದ್ಯೆ ಆತನಿಗೆ ಗೊತ್ತಿರಲಿಲ್ಲ. ಹಣ್ಣಿನ ಸಿಪ್ಪೆಯಲ್ಲಿಯೂ ಗಾಣದಲ್ಲಿಯೂ ಇದ್ದ ಯೀಸ್ಟ್ ತಾನಾಗಿಯೇ ರಸವನ್ನು ಹುದುಗೆಬ್ಬಿಸುತ್ತಿತ್ತು. ಇಂದಿನ ಅಂಗಡಿಯ ರಸದ ಸ್ಥಿತಿಯೇ ಬೇರೆ. ಅದನ್ನು ಕಾಯಿಸಿ, ಸೂಕ್ಷ್ಮಜೀವಿಗಳನ್ನು ನಾಶಪಡಿಸಿ, ಭದ್ರವಾಗಿ ಮುಚ್ಚಿರುತ್ತಾರೆ. ಮುಚ್ಚಳವನ್ನು ತೆರೆಯದಿದ್ದರೆ ಅದು ತಿಂಗಳುಗಟ್ಟಲೆ ರಸವಾಗಿಯೇ ಇರುತ್ತದೆ. ಸೋಡಿಯಂ ಬೆಂಜೋಯೇಟ್ ಅಥವಾ ಪೊಟ್ಯಾಸಿಯಂ ಸಾರ್ಬೇಟ್ ಎಂಬ ಸಂರಕ್ಷಕವು ಅದರಲ್ಲಿ ಸೇರಿದ್ದರೆ ಯೀಸ್ಟನ್ನು ಬೆರೆಸಿದರೂ ಹುದುಗು ಏಳುವುದು ದುಸ್ತರ. ಆದ್ದರಿಂದಲೇ ಈ ಹವ್ಯಾಸಿಗಳು ಸೀಸೆಯ ಮೇಲಿನ ಚೀಟಿಯನ್ನು ಓದಿ, ಸಂರಕ್ಷಕವಿಲ್ಲದ ರಸವನ್ನೇ ಆರಿಸಿ, ಯೀಸ್ಟನ್ನು ಬೇರೆಯಾಗಿ ಕೊಂಡು ತಂದು, ದಿನಗಳನ್ನು ಎಣಿಸುತ್ತ ಕಾಯುತ್ತಾರೆ. ಹೆಜ್ಜೆಹೆಜ್ಜೆಗೂ ಸಂಕಲ್ಪವಿರುವ ಈ ಕೆಲಸವನ್ನು ಪ್ರಕೃತಿಯ ತಲೆಗೆ ಕಟ್ಟುವುದು ಆತ್ಮವಂಚನೆಯಲ್ಲದೆ ಮತ್ತೇನು? ಮಾಡುವವರು ಮಾಡಲಿ, ಮಾಡಿದವರು ತಾವೆಂಬುದನ್ನಾದರೂ ಒಪ್ಪಲಿ.

ಎರಡನೆಯ ವಾದವು ಕಾನೂನಿನದು. ಅಮೆರಿಕದ ಕೇಂದ್ರ ಕಾನೂನು, ಮಾರಾಟಕ್ಕಲ್ಲದೆ ಸ್ವಂತದ ಬಳಕೆಗೆ, ಒಬ್ಬ ವಯಸ್ಕನಿರುವ ಮನೆಯಲ್ಲಿ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆಯಲ್ಲಿ 200 ಗ್ಯಾಲನ್‌ನಷ್ಟು ಇಂಥ ಪಾನೀಯವನ್ನು ತೆರಿಗೆಯಿಲ್ಲದೆ ತಯಾರಿಸಲು ಅವಕಾಶ ಕೊಟ್ಟಿರುವುದು ನಿಜ. ಆದರೆ ಕಾನೂನು ಹೇಳುವುದು ರಾಜ್ಯವು ಯಾವುದನ್ನು ದಂಡಿಸುವುದಿಲ್ಲ ಎಂಬುದನ್ನು ಮಾತ್ರ. ಮನೆಯು ಯಾವುದನ್ನು ಇಟ್ಟುಕೊಳ್ಳಬೇಕೆಂಬುದನ್ನಲ್ಲ. ಕಾನೂನಿನ ಮಾತು ಬಂದಾಗ ಅದೇ ದೇಶದ ಇತಿಹಾಸವನ್ನೂ ನೆನೆಯಬೇಕು. 1919ರಲ್ಲಿ ಅಲ್ಲಿ ಪಾನನಿರೋಧದ ಕಾನೂನನ್ನು ರಚಿಸಿದಾಗ, ಮನೆಬಳಕೆಗಾಗಿ ತಯಾರಿಸುವ ‘ಅಮಲೇರಿಸದ ಸೈಡರ್ ಮತ್ತು ಹಣ್ಣಿನ ರಸ’ಗಳಿಗೆ ವಿನಾಯಿತಿಯನ್ನು ಕೊಟ್ಟರು. ಬಿಯರಿನಲ್ಲಿ ನೂರಕ್ಕೆ ಅರ್ಧಪಾಲು ಮದ್ಯಸಾರವಿದ್ದರೂ ಅಪರಾಧ. ರಸವೆಂದು ಹೆಸರಿಟ್ಟುದಕ್ಕೆ ಅಂಥ ಖಚಿತವಾದ ಮಿತಿಯಿಲ್ಲ! ಈ ವೈಚಿತ್ರ್ಯವನ್ನು ಬಯಲಿಗೆಳೆಯಲೆಂದೇ ಮೇರಿಲ್ಯಾಂಡಿನ ಕಾಂಗ್ರೆಸ್ ಸದಸ್ಯರಾಗಿದ್ದ ಜಾನ್ ಫಿಲಿಪ್ ಹಿಲ್ ಎಂಬವರು ಬಾಲ್ಟಿಮೋರಿನ ತಮ್ಮ ಮನೆಯಲ್ಲಿ ದ್ರಾಕ್ಷಿಯ ಮದ್ಯವನ್ನೂ ಸೈಡರನ್ನೂ ಬಹಿರಂಗವಾಗಿ ತಯಾರಿಸಿದರು. 1924ರಲ್ಲಿ ಮೊಕದ್ದಮೆ ನಡೆದು ಅವರು ನಿರ್ದೋಷಿಯೆಂದು ಬಿಡುಗಡೆಯಾದರು. 1933ರಲ್ಲಿ ಪಾನನಿರೋಧವೇ ರದ್ದಾಯಿತು. ಒಂದು ಹೆಸರಿನ ಮರೆಯಲ್ಲಿ ಎಷ್ಟು ದೊಡ್ಡ ಸುಳ್ಳು ಅಡಗಿ ಕುಳಿತುಕೊಳ್ಳಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ರಜೆಯಲ್ಲಿ ಊರಿಗೆ ಬಂದವರು ಈ ವಿದ್ಯೆಯನ್ನು ಇಲ್ಲಿ ಬಿತ್ತುವ ಮುನ್ನ ಇನ್ನೊಂದನ್ನು ತಿಳಿದಿರಬೇಕು. ಕರ್ನಾಟಕದಲ್ಲಿ 1965ರ ಅಬಕಾರಿ ಅಧಿನಿಯಮವು ಜಾರಿಯಲ್ಲಿದೆ. ಪರವಾನಗಿಯಿಲ್ಲದೆ ಮದ್ಯವನ್ನು ತಯಾರಿಸುವುದು ಇಲ್ಲಿ ಅಪರಾಧ. ಹಾಗೆಂದು ಅಡುಗೆಮನೆಗಳಿಗೆ ಪೋಲೀಸರನ್ನು ಕಳುಹಿಸಬೇಕೆಂಬುದು ನಮ್ಮ ಬೇಡಿಕೆಯಲ್ಲ. 1763ರಲ್ಲಿ ಇಂಗ್ಲೆಂಡಿನ ಸರಕಾರವು ಸೈಡರ್ ತಯಾರಕರ ಮೇಲೆ ತೆರಿಗೆ ಹೇರಿ, ಅಬಕಾರಿ ಅಧಿಕಾರಿಗಳು ಮನೆಯೊಳಗೆ ಬಂದು ತಪಾಸಣೆ ಮಾಡುವಂತೆ ಏರ್ಪಡಿಸಿದಾಗ ಜನರು ದಂಗೆಯೆದ್ದರು. 1766ರಲ್ಲಿ ಆ ತೆರಿಗೆ ರದ್ದಾಯಿತು. ಮನೆಯು ಮನೆಯವರದೇ ಆಗಿರಬೇಕೆಂಬುದು ಯೋಗ್ಯವಾದ ಮಾತು. ಆದರೆ ಹೊರಗಿನ ಅಧಿಕಾರಿಯು ಕಾಲಿಡದ ಸ್ಥಳದಲ್ಲಿ ಸತ್ಯವನ್ನು ಕಾಯುವ ಹೊಣೆ ಗೃಹಸ್ಥನ ಹೆಗಲಿಗೇ ಬೀಳುತ್ತದೆಂಬುದನ್ನು ಮರೆಯಲಾಗದು.

ಮೂರನೆಯ ವಾದವು ಶುದ್ಧಿಯದು: “ಅಂಗಡಿಯ ಮದ್ಯಕ್ಕಿಂತ ಮನೆಯಲ್ಲಿ ಮಾಡಿದ್ದು ನಿರ್ಮಲ, ನಿರಪಾಯ.” ಇಲ್ಲಿ ನಮ್ಮ ಪಕ್ಷದವರಿಗೂ ಎರಡು ಮಾತು ಹೇಳುವುದಿದೆ. ಮನೆಯ ಸೈಡರನ್ನು ಕುಡಿದರೆ ಕಣ್ಣು ಹೋಗುತ್ತದೆ, ಪ್ರಾಣ ಹೋಗುತ್ತದೆ ಎಂದು ಹೆದರಿಸುವ ಉಪದೇಶಕರುಂಟು. ಇದು ಸರಿಯಲ್ಲ. 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿಯನ್ನು ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ಅದಕ್ಕೆ ಕಾರಣ ದುರಾಶೆಯಿಂದ ಬೆರೆಸಿದ ಮೀಥೈಲ್ ಆಲ್ಕೋಹಾಲ್ ಎಂಬ ವಿಷ. ಸೇಬಿನ ರಸವನ್ನು ಬಟ್ಟಿಯಿಳಿಸದೆ ಕೇವಲ ಹುದುಗೆಬ್ಬಿಸಿದಾಗ ಆ ವಿಷವು ಉಂಟಾಗುವುದು ಅತ್ಯಲ್ಪ. ಅದರಿಂದ ಯಾರ ಕಣ್ಣೂ ಹೋಗುವುದಿಲ್ಲ. ಸುಳ್ಳು ಭಯವನ್ನು ಹುಟ್ಟಿಸಿ ಸನ್ಮಾರ್ಗಕ್ಕೆ ತರಲು ಹೊರಟರೆ, ಸುಳ್ಳು ಬಯಲಾದ ದಿನ ಸನ್ಮಾರ್ಗದ ಮೇಲಿನ ನಂಬಿಕೆಯೂ ಹೋಗುತ್ತದೆ. ವಿಜ್ಞಾನವನ್ನು ಓದಿದ ನಮ್ಮ ಯುವಕರ ಮುಂದೆ ನಿಜವನ್ನೇ ಹೇಳೋಣ, ನಿಜವೇ ಸಾಕಾಗುವಷ್ಟಿದೆ.

ಯಾವುದು ಆ ನಿಜ? ಹುದುಗು ಪೂರ್ಣವಾಗುವ ಮುನ್ನ ಬಾಟಲಿಯ ಬಾಯನ್ನು ಬಿಗಿದರೆ ಒಳಗಿನ ಅನಿಲದ ಒತ್ತಡದಿಂದ ಗಾಜು ಸಿಡಿಯುತ್ತದೆ. ಒಂದು ಲೀಟರ್ ರಸದ ಸಕ್ಕರೆಯೆಲ್ಲವೂ ಹುದುಗಿದರೆ ಹೊರಡುವ ಅನಿಲವೇ ಸುಮಾರು 25 ಲೀಟರ್. ‘ಮನೆಯದು, ಊರಿನದು, ಆದ್ದರಿಂದ ಶುದ್ಧ’ ಎಂಬ ನಂಬಿಕೆಗೂ ಸೈಡರಿನ ಚರಿತ್ರೆಯೇ ಉತ್ತರ ಕೊಟ್ಟಿದೆ. 18ನೆಯ ಶತಮಾನದಲ್ಲಿ ಡೆವನ್ ಪ್ರಾಂತದ ಸೈಡರ್ ಕುಡಿಯುವವರನ್ನು ಭಯಂಕರವಾದ ಹೊಟ್ಟೆಶೂಲೆಯೂ ಪಾರ್ಶ್ವವಾಯುವೂ ಕಾಡುತ್ತಿದ್ದವು. ಗಾಣಗಳಲ್ಲಿ ಬಳಸಿದ ಸೀಸವು ರಸದಲ್ಲಿ ಕರಗಿ ಸೇರುತ್ತಿರುವುದೇ ಇದಕ್ಕೆ ಕಾರಣವೆಂದು ಜಾರ್ಜ್ ಬೇಕರ್ ಎಂಬ ವೈದ್ಯರು 1767ರಲ್ಲಿ ತೋರಿಸಿಕೊಟ್ಟರು. ಇಂದಿನ ಪಾತ್ರೆಯಲ್ಲಿ ಸೀಸವಿಲ್ಲ ನಿಜ. ಆದರೆ ಪಾತ್ರೆಯನ್ನು ಎಷ್ಟು ತೊಳೆದರೂ ಹೋಗದ ವಸ್ತುವೊಂದು ಅದರಲ್ಲಿದೆ. ಅದೇ ಮದ್ಯಸಾರ. ಮದ್ಯಪಾನವು ಮನುಷ್ಯರಲ್ಲಿ ಕ್ಯಾನ್ಸರನ್ನು ಉಂಟುಮಾಡುತ್ತದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1988ರಲ್ಲಿಯೇ ನಿರ್ಧರಿಸಿತು. ಆರೋಗ್ಯಕ್ಕೆ ಸುರಕ್ಷಿತವೆನ್ನಬಹುದಾದ ಮದ್ಯದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಸಾರಿತು. ಪಿತ್ತಕೋಶವು ‘ಇದು ಅಂಗಡಿಯದೋ, ಮನೆಯದೋ’ ಎಂದು ಕೇಳುವುದಿಲ್ಲ.

ಸೈಡರ್ ಹಳ್ಳಿಗರ ಮುಗ್ಧ ಪಾನೀಯವೆಂದು ಹೊಗಳುವವರೂ ಇದ್ದಾರೆ. ಆ ಮುಗ್ಧತೆಯ ಇನ್ನೊಂದು ಮುಖವನ್ನು ನೋಡಬೇಕು. ಇಂಗ್ಲೆಂಡಿನ ಪಶ್ಚಿಮ ಪ್ರಾಂತಗಳಲ್ಲಿ ಹೊಲದ ಆಳುಗಳಿಗೆ ಕೂಲಿಯ ಒಂದು ಪಾಲನ್ನು ಸೈಡರಿನ ರೂಪದಲ್ಲಿ ಅಳೆದು ಕೊಡುತ್ತಿದ್ದರು. ದಣಿಯ ಗಾಣದಲ್ಲಿ ಹುಟ್ಟಿದ್ದು ಆಳಿನ ಗಂಟಲಿಗೆ; ಆಳಿನ ಹೆಂಡತಿ ಮಕ್ಕಳಿಗೆ ದೊರೆಯಬೇಕಾಗಿದ್ದ ರೊಟ್ಟಿಯ ಕಾಸು ದಣಿಯ ಪೆಟ್ಟಿಗೆಯಲ್ಲಿ! ಈ ಪದ್ಧತಿಯನ್ನು ನಿಷೇಧಿಸಲು 1887ರಲ್ಲಿ ಶಾಸನವನ್ನೇ ಮಾಡಬೇಕಾಯಿತು. ಕಾಯಕದ ಬೆವರಿಗೆ ಅಮಲನ್ನು ಬೆಲೆಯಾಗಿ ಕೊಡುವುದನ್ನು ಕಾಯಕತತ್ತ್ವವನ್ನು ನಂಬಿದ ನಾವು ಮುಗ್ಧವೆಂದು ಕರೆಯಲಾರೆವು.

ಇಷ್ಟೆಲ್ಲ ಹೇಳಿದ ಮೇಲೂ ಮುಖ್ಯ ಪ್ರಶ್ನೆಯೊಂದು ಉಳಿದಿದೆ. ಅದು ನಂಬಿಕೆಯ ಪ್ರಶ್ನೆ. ಮನೆಯ ಶೀತಪೆಟ್ಟಿಗೆಯಲ್ಲಿ ಎರಡು ಸೀಸೆಗಳಿವೆ. ಎರಡರಲ್ಲಿಯೂ ಹೊಂಬಣ್ಣದ ಸೇಬಿನ ರಸ. ಒಂದನ್ನು ಕುಡಿಯಬಹುದು, ಇನ್ನೊಂದನ್ನು ಕುಡಿಯಬಾರದೆಂಬುದು ಶಾಲೆಯಿಂದ ಬಾಯಾರಿ ಬಂದ ಮಗುವಿಗೆ ತಿಳಿಯುವುದು ಹೇಗೆ? ಮಗನ ಮನೆಗೆಂದು ಸಾಗರವನ್ನು ದಾಟಿ ಬಂದ ತಾಯಿಗೆ, ಕೊರಳಲ್ಲಿ ಲಿಂಗವನ್ನು ಧರಿಸಿ ಒಂದು ಹನಿ ಮದ್ಯವನ್ನೂ ಮುಟ್ಟದ ವೃದ್ಧ ತಂದೆಗೆ, ‘ಸೇಬಿನ ರಸ ತಾನೇ, ತೆಗೆದುಕೊಳ್ಳಿ’ ಎಂದು ಲೋಟವನ್ನು ಮುಂದಿಟ್ಟರೆ ಅದು ಸತ್ಕಾರವೋ ದ್ರೋಹವೋ? ಗರ್ಭಿಣಿಯಿರಬಹುದು, ಔಷಧ ಸೇವಿಸುತ್ತಿರುವವರಿರಬಹುದು, ಕುಡಿತದ ಚಟದಿಂದ ಬಹು ಕಷ್ಟಪಟ್ಟು ಬಿಡುಗಡೆ ಹೊಂದಿದವರಿರಬಹುದು. ಅವರೆಲ್ಲರೂ ಲೋಟವನ್ನು ತೆಗೆದುಕೊಳ್ಳುವುದು ಕೊಡುವವರ ಮಾತನ್ನು ನಂಬಿ. ದಾಸೋಹದ ತಿರುಳೇ ಆ ನಂಬಿಕೆ.

12ನೆಯ ಶತಮಾನದ ಶರಣರಲ್ಲಿ ಹೆಂಡ ಮಾರುವ ಕಾಯಕದ ಮಾರಯ್ಯನವರೂ ಒಬ್ಬರು. ಅವರ ವಚನಗಳು ಇಂದಿಗೂ ಉಳಿದಿವೆ. ಜನರು ಅವರನ್ನು ಕರೆದುದು, ನಾವು ಇಂದಿಗೂ ಕರೆಯುತ್ತಿರುವುದು ಹೆಂಡದ ಮಾರಯ್ಯನೆಂದೇ. ಅವರ ಗಡಿಗೆಯಲ್ಲಿ ಏನಿತ್ತೆಂಬುದು ಅವರ ಹೆಸರಿನಲ್ಲಿಯೇ ಇತ್ತು. ಹೆಂಡವನ್ನು ಮಾರಿದವರೂ ಹೆಂಡವೆಂದೇ ಹೇಳಿ ಮಾರಿದ ಪರಂಪರೆಯಲ್ಲಿ ಹುಟ್ಟಿದ ನಾವು, ಮನೆಯಲ್ಲಿ ಕೈಯಾರೆ ಮಾಡಿದ ಮದ್ಯಕ್ಕೆ ರಸವೆಂದು ಹೆಸರಿಡಬಹುದೆ?

ಆದ್ದರಿಂದ ದೂರದೇಶದಲ್ಲಿರುವ ನಮ್ಮ ವಿದ್ಯಾರ್ಥಿ ಬಂಧುಗಳಲ್ಲಿ ವಿನಂತಿಯಿಷ್ಟೆ. ಯೀಸ್ಟಿನ ಗುಣಧರ್ಮವನ್ನು ಬೇಕಾದಷ್ಟು ಅಭ್ಯಾಸ ಮಾಡಿರಿ, ವಿದ್ಯೆಯಲ್ಲಿ ದೋಷವಿಲ್ಲ. ಆದರೆ ಈ ಪಾನೀಯವನ್ನು ಮನೆಗೆ ತರಬೇಡಿರಿ, ಮಾಡಬೇಡಿರಿ ಎಂಬುದು ನಮ್ಮ ಸ್ಪಷ್ಟವಾದ ಅಭಿಪ್ರಾಯ. ಈ ಮಾತನ್ನು ಒಪ್ಪದವರು ಕನಿಷ್ಠಪಕ್ಷ ಸೀಸೆಯ ಮೇಲೆ ‘ಮದ್ಯ’ ಎಂಬ ಎರಡಕ್ಷರಗಳನ್ನು ದಪ್ಪವಾಗಿ ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆದು ಅಂಟಿಸಲಿ. ಮಕ್ಕಳ ಕೈಗೆಟುಕದಂತೆ ಬೇರೆಯಾಗಿ ಇಡಲಿ. ಅತಿಥಿಗೆ ತಿಳಿಸದೆ ಲೋಟಕ್ಕೆ ಸುರಿಯದಿರಲಿ. ಆ ಎರಡಕ್ಷರಗಳನ್ನು ಬರೆಯಲು ಯಾರ ಕೈ ನಡುಗುವುದೋ ಅವರಿಗೆ ತಾವು ಮಾಡುತ್ತಿರುವುದು ಏನೆಂಬುದು ಮೊದಲೇ ಗೊತ್ತಿದೆ. ಅಂಥವರಿಗೆ ನಮ್ಮ ಉಪದೇಶದ ಅಗತ್ಯವಿಲ್ಲ; ತಮ್ಮ ಮನಸ್ಸಾಕ್ಷಿಯ ಮಾತನ್ನು ಕೇಳಿದರೆ ಸಾಕು.