ಕರುವಿನ ಕರುಳಿನಲ್ಲಿ ನಡೆಯುವ ಕಾಳಗ

ಎಳೆಗರುವಿಗೆ ಭೇದಿ ಹತ್ತಿತೆಂದರೆ ಕಾಸರಗೋಡಿನ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ನಡೆಯುವುದೇನು? ಕಳೆದ ಸಲ ತಂದು ಮಿಕ್ಕ ಮಾತ್ರೆ ಮಾಡಿನ ಸಂದಿಯಲ್ಲಿ ಇರುತ್ತದೆ. ಅದನ್ನು ಬೆಲ್ಲದಲ್ಲಿ ಕಲಸಿ ಕರುವಿನ ಬಾಯಿಗೆ ಹಾಕುತ್ತೇವೆ. ಅದಿಲ್ಲವಾದರೆ ಪೇಟೆಯ ಮದ್ದಿನಂಗಡಿಗೆ ಹೋಗಿ ‘ಭೇದಿಯ ಮದ್ದು ಕೊಡಿ’ ಎನ್ನುತ್ತೇವೆ. ಡಬ್ಬಿಯ ಮೇಲಿನ ಬರಹ ಇಂಗ್ಲಿಷಿನಲ್ಲಿ, ಅಂಗಡಿಯವರ ವಿವರಣೆ ಮಲಯಾಳದಲ್ಲಿ, ನಮ್ಮ ಹಿರಿಯರಿಗೆ ಅರ್ಥವಾದದ್ದು ಅರ್ಧ. ಎರಡು ದಿನದಲ್ಲಿ ಭೇದಿ ನಿಂತರೆ ಉಳಿದ ಮದ್ದು ಮತ್ತೆ ಮಾಡಿನ ಸಂದಿಗೆ ಸೇರುತ್ತದೆ. ಈ ವಾಡಿಕೆಯನ್ನು ನಾವು ಬಿಡಲೇಬೇಕು. ಏಕೆಂಬುದು ತಿಳಿಯಬೇಕಾದರೆ ಕರುವಿನ ಕರುಳಿನೊಳಗೆ ಒಮ್ಮೆ ಇಣಿಕಿ ನೋಡಬೇಕು.

ಕರುಳಿನಲ್ಲಿ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಗಳು ವಾಸಿಸುತ್ತವೆ. ಬಹುಪಾಲು ನಿರುಪದ್ರವಿಗಳು, ಹಲವು ಉಪಕಾರಿಗಳು. ಇ. ಕೋಲೈ ಎಂಬ ಜಾತಿಯಲ್ಲಿಯೂ ಹೆಚ್ಚಿನವು ಸಾಧುಗಳೇ. ಆದರೆ ಕೆಲವು ತಳಿಗಳು ಹುಟ್ಟಿದ ಕೆಲವೇ ದಿನಗಳ ಕರುವಿನ ಸಣ್ಣಕರುಳಿಗೆ ಅಂಟಿಕೊಂಡು ವಿಷ ಬಿಡುತ್ತವೆ. ಆಗ ಮೈಯ ನೀರೂ ಉಪ್ಪೂ ಭೇದಿಯಾಗಿ ಹರಿದುಹೋಗಿ ಕರು ಬತ್ತಿ ಬೀಳುತ್ತದೆ.

ಈ ಬ್ಯಾಕ್ಟೀರಿಯಗಳಿಗೂ ಕಾಯಿಲೆ ತರುವ ವೈರಸ್ಸುಗಳಿವೆ. 1915ರಲ್ಲಿ ಇಂಗ್ಲೆಂಡಿನ ಟ್ವೋರ್ಟ್ ಅವುಗಳ ಸುಳಿವು ಕಂಡರು. 1917ರಲ್ಲಿ ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದ ಡೆರೆಲ್ ಎಂಬವರು ಆಮಶಂಕೆಯ ರೋಗಿಗಳ ಮಲದಲ್ಲಿ ಅವನ್ನು ಗುರುತಿಸಿ, ‘ಬ್ಯಾಕ್ಟೀರಿಯ ತಿನ್ನುವುದು’ ಎಂಬ ಅರ್ಥದಲ್ಲಿ ಬ್ಯಾಕ್ಟೀರಿಯೊಫೇಜ್ ಎಂದು ಹೆಸರಿಟ್ಟರು. ಚಿಕ್ಕದಾಗಿ ಫೇಜ್ ಎಂದರೆ ಸಾಕು. 1919ರಲ್ಲಿ ಫ್ರಾನ್ಸಿನ ಹಳ್ಳಿಗಳ ಕೋಳಿಗಳಿಗೆ ತಗಲಿದ್ದ ಟೈಫಾಯಿಡಿನ ಮೇಲೆ ಡೆರೆಲ್ ಇದನ್ನು ಪ್ರಯೋಗಿಸಿದರು. ಅಂದರೆ ಈ ವಿದ್ಯೆ ಮೊದಲಿನಿಂದಲೂ ಸಾಕುಪ್ರಾಣಿಗಳ ನಂಟುಳ್ಳದ್ದು.

ಫೇಜ್ ಎಷ್ಟು ಸಣ್ಣದೆಂದರೆ, ಒಂದು ಮಿಲಿಮೀಟರಿನ ಉದ್ದಕ್ಕೆ ಸುಮಾರು 500 ಇ. ಕೋಲೈಗಳು ಸಾಲಾಗಿ ನಿಲ್ಲಬಹುದು; ಇ. ಕೋಲೈಗೆ ತಗಲುವ ದೊಡ್ಡ ಫೇಜ್ ಕೂಡ ಅದರ ಹತ್ತರಲ್ಲಿ ಒಂದಂಶದಷ್ಟು ಮಾತ್ರ. ಅದಕ್ಕೆ ಸ್ವಂತ ಬದುಕಿಲ್ಲ. ಬಾಲದ ನೂಲುಗಳಿಂದ ಬ್ಯಾಕ್ಟೀರಿಯದ ಮೈ ತಡವುತ್ತದೆ. ಬೀಗಕ್ಕೆ ಬೀಗದಕೈ ಹೊಂದಿದಂತೆ ಗುರುತು ಹೊಂದಿದರೆ ಮಾತ್ರ ಹಿಡಿದು ನಿಂತು, ತನ್ನ ವಂಶದ ಎಳೆಯನ್ನು ಒಳಕ್ಕೆ ಚುಚ್ಚುತ್ತದೆ. ಆಮೇಲೆ ಬ್ಯಾಕ್ಟೀರಿಯದ ಒಳಗಿನ ಕಾರ್ಖಾನೆಯೆಲ್ಲ ಫೇಜ್‌ಗಳನ್ನು ತಯಾರಿಸತೊಡಗುತ್ತದೆ. ಅರ್ಧ ಗಂಟೆಯ ಸುಮಾರಿಗೆ ಬ್ಯಾಕ್ಟೀರಿಯ ಒಡೆದು ನೂರಾರು ಮರಿಫೇಜ್‌ಗಳು ಹೊರಬೀಳುವುದುಂಟು. ಕರುವಿನ ಜೀವಕೋಶಕ್ಕೆ ಆ ಬೀಗವಿಲ್ಲವಾದ್ದರಿಂದ ಫೇಜ್ ಅದರೊಳಗೆ ಹೊಕ್ಕು ಹೀಗೆ ಬೆಳೆಯಲಾರದು.

ಆದರೆ ಬ್ಯಾಕ್ಟೀರಿಯ ಕೈಕಟ್ಟಿ ಕುಳಿತಿಲ್ಲ. ಕೆಲವು ಆ ಬೀಗವನ್ನೇ ಬದಲಿಸುತ್ತವೆ, ಇಲ್ಲವೆ ಕಳಚಿ ಎಸೆಯುತ್ತವೆ. ಕೆಲವು ಅಂಟಿನ ಹೊದಿಕೆ ಹೊದ್ದು ಗುರುತು ಮರೆಸುತ್ತವೆ. ಒಳಕ್ಕೆ ಬಂದ ಅನ್ಯ ಎಳೆಯನ್ನು ತುಂಡರಿಸುವ ಕಿಣ್ವಗಳು ಕೆಲವಕ್ಕಿವೆ. ಅವುಗಳ ಸಂಶೋಧನೆಗೆ 1978ರಲ್ಲಿ ನೊಬೆಲ್ ಬಹುಮಾನ ಸಂದಿತು. ಹಿಂದೆ ಬಂದ ವೈರಿಯ ಎಳೆಯ ಚೂರನ್ನು ತನ್ನ ವಂಶದ ಎಳೆಯಲ್ಲಿ ನೆನಪಿಗೆಂದು ಸೇರಿಸಿಟ್ಟುಕೊಂಡು, ಅದೇ ವೈರಿ ಮತ್ತೆ ಬಂದಾಗ ಕತ್ತರಿಸುವ ಜಾಣತನವೂ ಕೆಲವಕ್ಕುಂಟು. ಇದು 2007ರಲ್ಲಿ ರುಜುವಾತಾದದ್ದು ಮೊಸರು–ಗಿಣ್ಣಿನ ಉದ್ಯಮದಲ್ಲಿ ಹೆಪ್ಪಿಗೆ ಬಳಸುವ ಬ್ಯಾಕ್ಟೀರಿಯದಲ್ಲಿ. ಇನ್ನು ಕೆಲವು, ಫೇಜ್ ಹೊಕ್ಕೊಡನೆ ತಾವೇ ಸತ್ತು, ನೆರೆಯವರಿಗೆ ಅದು ಹರಡದಂತೆ ಮಾಡುತ್ತವೆ.

ಇದನ್ನೆಲ್ಲ ಓದಿ ನಮಗೇನಾಗಬೇಕೆಂದು ರೈತ ಬಾಂಧವರು ಕೇಳಬಹುದು. 1980ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ವಿಲಿಯಮ್ಸ್ ಸ್ಮಿತ್ ಮತ್ತು ಅವರ ಸಂಗಡಿಗರು ಎಳೆಗರುಗಳಿಗೆ ಇ. ಕೋಲೈ ಭೇದಿ ತರಿಸಿ ಫೇಜ್ ಕುಡಿಸಿ ನೋಡಿದರು. ತಕ್ಕ ಫೇಜ್ ಆರಿಸಿ ಕೊಟ್ಟಾಗ ಕರುಗಳು ಬದುಕಿದವು. ಕರುಗಳ ಕೋಣೆಯ ಹಾಸಿಗೆ ಹುಲ್ಲಿಗೆ ಫೇಜ್ ಬೆರೆತ ನೀರು ಚಿಮುಕಿಸಿದರೂ ರೋಗ ತಡೆಯಿತೆಂದು 1987ರಲ್ಲಿ ಪ್ರಕಟಿಸಿದರು. ಫೇಜ್‌ಗೆ ಬಗ್ಗದ ಬ್ಯಾಕ್ಟೀರಿಯಗಳು ಅಲ್ಲಿಯೂ ಹುಟ್ಟಿದುವು. ಆದರೆ ಅವು ತಪ್ಪಿಸಿಕೊಂಡದ್ದು ತಮ್ಮ ಹೊದಿಕೆಯನ್ನು ಕಳಚಿ. ಆ ಹೊದಿಕೆಯಿಲ್ಲದೆ ರೋಗ ತರುವ ಶಕ್ತಿಯೂ ಬಹಳಷ್ಟು ಕುಗ್ಗಿತ್ತು. ಗೆದ್ದ ಬ್ಯಾಕ್ಟೀರಿಯ ದಂಡ ತೆತ್ತೇ ಗೆದ್ದಿತು.

ಆಂಟಿಬಯಾಟಿಕ್ ಮದ್ದಿಗೆ ಬಗ್ಗದ ಬ್ಯಾಕ್ಟೀರಿಯ ಹೀಗೆ ದಂಡ ತೆರಬೇಕೆಂದೇನೂ ಇಲ್ಲ. ಬಲ ಕುಂದದೆಯೇ ಮದ್ದನ್ನು ಮೀರಬಲ್ಲದು. ಅದಕ್ಕಿಂತ ಕೆಟ್ಟದ್ದೆಂದರೆ, ಮೀರುವ ಗುಟ್ಟನ್ನು ಒಂದು ಬ್ಯಾಕ್ಟೀರಿಯ ಇನ್ನೊಂದಕ್ಕೆ ದಾಟಿಸಬಲ್ಲದು. ಕೊನೆಗಾಲದ ಮದ್ದೆನಿಸಿದ ಕೊಲಿಸ್ಟಿನ್‌ಗೆ ಬಗ್ಗದ, ಹೀಗೆ ದಾಟುವ ಗುಣವೊಂದು ಚೀನಾದ ಹಂದಿಗಳಲ್ಲಿಯೂ ಮನುಷ್ಯರಲ್ಲಿಯೂ ಇದ್ದುದು 2015ರಲ್ಲಿ ಪ್ರಕಟವಾಯಿತು. 2019ರಲ್ಲಿ ಭಾರತ ಸರಕಾರ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ, ಕೋಳಿಗಳಿಗೆ, ಮೀನುಗಳಿಗೆ ಆ ಮದ್ದನ್ನು ನಿಷೇಧಿಸಿತು. ಹಟ್ಟಿಯಲ್ಲಿ ಮಾಡಿದ ತಪ್ಪಿಗೆ ಮನೆಯ ಮಗು ಆಸ್ಪತ್ರೆಯಲ್ಲಿ ಬೆಲೆ ತೆರುವ ಕಾಲ ಬಂದಿದೆ.

ಹಾಗಾದರೆ ಫೇಜ್ ಮದ್ದು ಬಂದರೆ ಎಲ್ಲ ಸರಿಯಾದೀತೇ? ನನ್ನ ಮಟ್ಟಿಗೆ ಈ ನಂಬಿಕೆಯೂ ಅಪಾಯಕರ. ಒಂದು ಫೇಜ್ ಕೆಲವೇ ತಳಿಗಳಿಗೆ ಹೊಂದುತ್ತದೆ. ಕೆಲವು ಫೇಜ್‌ಗಳಂತೂ ಬ್ಯಾಕ್ಟೀರಿಯವನ್ನು ಕೊಲ್ಲದೆ ಅದರೊಳಗೆ ಅಡಗಿ, ವಿಷ ತಯಾರಿಸುವ ಗುಣವನ್ನೇ ಅದಕ್ಕೆ ಕೊಡುತ್ತವೆ. ಕಾಲರಾದ ವಿಷ ಬಂದದ್ದು ಹೀಗೆಯೇ ಎಂದು 1996ರಲ್ಲಿ ತಿಳಿಯಿತು. ಕರುವಿನ ಭೇದಿಗೆ ಬೇರೆ ವೈರಸ್ಸುಗಳೂ ಪರೋಪಜೀವಿಗಳೂ ಕಾರಣವಾಗುವುದುಂಟು, ಅಲ್ಲಿ ಇ. ಕೋಲೈ ಫೇಜ್ ಆಗಲಿ ಬ್ಯಾಕ್ಟೀರಿಯಕ್ಕೆಂದಿರುವ ಮಾತ್ರೆಯಾಗಲಿ ಉಪಯೋಗಕ್ಕೆ ಬಾರದು. ಇಂಗ್ಲೆಂಡಿನ ಹಾಸಿಗೆ ಹುಲ್ಲಿನ ಕಥೆ ಕೇಳಿ ಹಟ್ಟಿಯ ಕೊಳೆತ ಸೊಪ್ಪು ತೆಗೆಯದೆ ಬಿಡುವುದೂ ಸಲ್ಲದು. ಅವರು ಚಿಮುಕಿಸಿದ್ದು ಆರಿಸಿ ಬೆಳೆಸಿದ ಫೇಜ್. ನಮ್ಮ ಸೊಪ್ಪಿನಲ್ಲಿರುವುದು ಏನೆಂದು ಯಾರು ಬಲ್ಲರು?

ಆದುದರಿಂದ ಇಂದು ನಮ್ಮ ಕೈಯಲ್ಲಿರುವುದನ್ನು ಮೊದಲು ಮಾಡೋಣ. ಕರು ಹುಟ್ಟಿದ ಒಂದೆರಡು ಗಂಟೆಯೊಳಗೆ ಹೊಟ್ಟೆ ತುಂಬ ಗಿಣ್ಣುಹಾಲು ಕುಡಿಸತಕ್ಕದ್ದು. ತಾಯಿಯ ರಕ್ಷಣೆ ಕರುವಿನ ರಕ್ತಕ್ಕೆ ಸೇರುವುದು ಮೊದಲ ಒಂದು ದಿನದೊಳಗೆ ಮಾತ್ರ. ಕಂದುಹಾಕುವ ಜಾಗ ಒಣಗಿರಲಿ. ಹೊಸ ಕರುವನ್ನು ಭೇದಿಯ ಕರುವಿನ ಬಳಿ ಕಟ್ಟಬೇಡಿ. ಭೇದಿ ಕಂಡೊಡನೆ ಉಪ್ಪು–ಗ್ಲೂಕೋಸಿನ ನೀರು ಕುಡಿಸಲು ತೊಡಗಿ, ದನದ ಡಾಕ್ಟರಿಗೆ ತಿಳಿಸಿ. ಅವರು ಆಂಟಿಬಯಾಟಿಕ್ ಬರೆದರೆ ಹೇಳಿದಷ್ಟು ದಿನ ತಪ್ಪದೆ ಕೊಡಿ. ಹಾಲು ಕೊಡುವ ಹಸುವಿಗೆ ಕೊಟ್ಟಿದ್ದರೆ ಎಷ್ಟು ದಿನ ಸೊಸೈಟಿಗೆ ಹಾಲು ಹಾಕಬಾರದೆಂಬುದನ್ನು ಕೇಳಿಕೊಳ್ಳಿ.

ಇನ್ನೊಂದು ಮಾತು ಅಧಿಕಾರಸ್ಥರಿಗೆ. 1969ರ ಕೇರಳ ಅಧಿಕೃತ ಭಾಷಾ ಕಾನೂನಿನಂತೆ ಇಲ್ಲಿನ ಕನ್ನಡಿಗರು ಸರಕಾರದೊಡನೆ ಕನ್ನಡದಲ್ಲಿ ಪತ್ರವ್ಯವಹಾರ ನಡೆಸಬಹುದು. ದನದ ಮದ್ದಿನ ಪ್ರಮಾಣ, ಅವಧಿ, ಹಾಲು ತಡೆಯುವ ದಿನ – ಈ ಮೂರನ್ನು ಕನ್ನಡದಲ್ಲಿ ಒಂದು ಚೀಟಿಯಲ್ಲಿ ಬರೆದುಕೊಡುವುದು ದೊಡ್ಡ ಖರ್ಚಿನ ಕೆಲಸವಲ್ಲ. ಪ್ರತಿ ಹಾಲಿನ ಸೊಸೈಟಿಯೂ ಈ ಬೇಡಿಕೆಯನ್ನು ಕನ್ನಡದಲ್ಲೇ ಬರೆದು ಕಳುಹಿಸಲಿ. ಅಲ್ಲಿಯವರೆಗೆ, ಮಾಡಿನ ಸಂದಿಯಲ್ಲಿರುವ ಹಳೆಯ ಮಾತ್ರೆ ಕರುವಿನ ಬಾಯಿಗೆ ಬೀಳದಿರಲಿ.