ಸುತ್ತೋಲೆ ಸಾಲದು, ಕಾಯ್ದೆ ಬೇಕು: ಶಾಲೆಗೊಬ್ಬ ಆಪ್ತ ಸಮಾಲೋಚಕರು

ಹೆತ್ತವರೇ, ಎಸ್‌ಡಿಎಂಸಿ ಸದಸ್ಯರೇ, ಶಿಕ್ಷಕ ಬಂಧುಗಳೇ,

ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶದ ಮರುದಿನ ಪೇಪರು ಬಿಡಿಸಲು ಹೆದರಿಕೆಯಾಗುತ್ತದೆ. ಯಾವ ಊರಿನ ಯಾವ ಮಗುವಿನ ಸುದ್ದಿ ಬಂದಿದೆಯೋ ಎಂಬ ಅಳುಕು. ಎರಡು ದಿನ ಮರುಗುತ್ತೇವೆ, ಅಂಕವೇ ಬದುಕಲ್ಲ ಎಂದು ಮಕ್ಕಳಿಗೆ ಬುದ್ಧಿ ಹೇಳುತ್ತೇವೆ. ಜೂನ್‌ನಲ್ಲಿ ಶಾಲೆ ಶುರುವಾಗುವಷ್ಟರಲ್ಲಿ ಎಲ್ಲ ಮರೆತಿರುತ್ತೇವೆ.

2022ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ ವಿದ್ಯಾರ್ಥಿಗಳು 13,044. ಪರೀಕ್ಷೆಯಲ್ಲಿ ಫೇಲಾದದ್ದೇ ಕಾರಣವೆಂದು ದಾಖಲಾದದ್ದು 2,248. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಮಕ್ಕಳ ಸಂಕಟವೆಲ್ಲ ಪರೀಕ್ಷೆಯದ್ದೇ ಎಂದುಕೊಂಡದ್ದು ನಮ್ಮ ತಪ್ಪು. ಮನೆಯಲ್ಲಿ ಅಪ್ಪನ ಕುಡಿತ, ಹಾಸ್ಟೆಲಿನ ಒಂಟಿತನ, ಜಾತಿ ಹಿಡಿದು ಆಡುವ ಮಾತು, ಯಾರಿಗೂ ಹೇಳಲಾಗದ ದೌರ್ಜನ್ಯ: ಇವು ಮಾರ್ಚ್–ಏಪ್ರಿಲ್ ನೋಡಿಕೊಂಡು ಬರುವುದಿಲ್ಲ. ಪರೀಕ್ಷೆಯ ಹೊತ್ತಿಗೆ ಮಾತ್ರ ತೆರೆಯುವ ಸಹಾಯವಾಣಿ ಇವಕ್ಕೆ ಉತ್ತರವಲ್ಲ.

2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ವಿಶಾಖಪಟ್ಟಣದಲ್ಲಿ ನೀಟ್ ಕೋಚಿಂಗಿಗೆ ಸೇರಿದ್ದ 17 ವರ್ಷದ ಮಗಳನ್ನು ಕಳೆದುಕೊಂಡ ತಂದೆಯೊಬ್ಬರು ನ್ಯಾಯ ಕೇಳಿಕೊಂಡು ಹೋದ ಪ್ರಕರಣ ಅದು. ಮಾನಸಿಕ ಆರೋಗ್ಯವು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನಲ್ಲೇ ಸೇರಿದೆ ಎಂದ ನ್ಯಾಯಾಲಯ 15 ಮಾರ್ಗಸೂಚಿಗಳನ್ನು ಕೊಟ್ಟಿತು. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಕಡೆ ತರಬೇತಿ ಪಡೆದ ಒಬ್ಬ ಕೌನ್ಸೆಲರ್, ಮನಶ್ಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತರಾದರೂ ಇರಲೇಬೇಕು. ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರೊಂದಿಗೆ ಸಂಪರ್ಕ ಇಟ್ಟುಕೊಳ್ಳಬೇಕು. ತಕ್ಕ ಕಾಯ್ದೆ ಬರುವ ತನಕ ಇವನ್ನು ಪಾಲಿಸಲೇಬೇಕು ಎಂದೂ ಅದು ಹೇಳಿತು.

ಆ ‘ಬರುವ ತನಕ’ ಎಂಬ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳೋಣ. ನ್ಯಾಯಾಲಯ ದಾರಿ ತೋರಿಸಬಹುದು. ಹುದ್ದೆ ಮಂಜೂರು ಮಾಡಿ, ಬಜೆಟ್ಟಿನಲ್ಲಿ ಸಂಬಳ ಎತ್ತಿಡಬೇಕಾದದ್ದು ನಮ್ಮ ಶಾಸನಸಭೆ. ಹುದ್ದೆಯೇ ಇಲ್ಲದಿದ್ದರೆ ಏನಾಗುತ್ತದೆಂದು ಶಾಲೆಯ ಒಳಗನ್ನು ಬಲ್ಲವರಿಗೆ ಗೊತ್ತು. ಗಣಿತದ ಮೇಷ್ಟ್ರಿಗೆ ಎರಡು ದಿನ ತರಬೇತಿ ಕೊಟ್ಟು, ಇನ್ನು ಮೇಲೆ ಕೌನ್ಸೆಲಿಂಗ್ ನಿಮ್ಮದೇ ಎಂದು ಕಾಗದ ಬರುತ್ತದೆ. ಹಾಲು, ಮೊಟ್ಟೆ, ಬಿಸಿಯೂಟದ ಲೆಕ್ಕ, ಚುನಾವಣೆ, ಗಣತಿ ಎಲ್ಲ ಹೊತ್ತವರ ಮೇಲೆ ಇನ್ನೊಂದು ಹೊರೆ. ಅದಿರಲಿ, ಹೋಂವರ್ಕ್ ಮಾಡಿಲ್ಲವೆಂದು ಬೆಳಗ್ಗೆ ಗದರಿದವರ ಹತ್ತಿರವೇ ಮಧ್ಯಾಹ್ನ ಮಗು ಮನಸ್ಸು ಬಿಚ್ಚುವುದಾದರೂ ಹೇಗೆ?

2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಶಾಲೆಗೆ ಅಡುಗೆಮನೆ ಬೇಕು, ಆಟದ ಬಯಲು ಬೇಕು, ಕಾಂಪೌಂಡ್ ಬೇಕು ಎಂದು ಬರೆದಿದೆ. ಸಮಾಲೋಚಕರ ಹೆಸರು ಅದರಲ್ಲಿಲ್ಲ. ಆ ಕೊರತೆಯನ್ನು 1983ರ ಕರ್ನಾಟಕ ಶಿಕ್ಷಣ ಕಾಯ್ದೆಗೆ ತಿದ್ದುಪಡಿ ತಂದು ರಾಜ್ಯವೇ ತುಂಬಲಿ. ಬಿಸಿಯೂಟ ಬಂದದ್ದೂ ಹೀಗೆಯೇ: 2001ರಲ್ಲಿ ಸುಪ್ರೀಂ ಕೋರ್ಟಿನ ಆದೇಶ, ಮರುವರ್ಷ ನಮ್ಮ ಅಕ್ಷರ ದಾಸೋಹ, 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ಅದು ಮಕ್ಕಳ ಹಕ್ಕು. ಹಸಿದ ಮಗುವಿಗೆ ಪಾಠ ಹತ್ತದೆಂದು ಒಪ್ಪಿದವರು ನಾವು. ನೊಂದ ಮಗುವಿನ ವಿಷಯದಲ್ಲೂ ಅದೇ ಸತ್ಯ.

ತಿದ್ದುಪಡಿಯಲ್ಲಿ ಏನಿರಬೇಕು? ಪ್ರತಿ ಪ್ರೌಢಶಾಲೆಗೆ ಒಂದು ಕಾಯಂ ಹುದ್ದೆ. ಮೂವತ್ತು–ನಲವತ್ತು ಮಕ್ಕಳ ಹಳ್ಳಿ ಶಾಲೆಗಳಿಗೆ ಕ್ಲಸ್ಟರಿಗೊಬ್ಬರು. ಸಿಆರ್‌ಪಿಗಳು ಶಾಲೆ ಸುತ್ತುವಂತೆ ಇವರೂ ವಾರಕ್ಕೊಮ್ಮೆ ಬಂದುಹೋಗಲಿ. ಖಾಸಗಿ ಶಾಲೆಗಳಿಗೂ ಇದು ಕಡ್ಡಾಯ, ಅದರ ಹೆಸರಲ್ಲಿ ಫೀಸು ಏರಿಸುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ಗುಟ್ಟು. ಮಗು ಹೇಳಿದ ಮಾತು ಸ್ಟಾಫ್ ರೂಮಿನ ಹರಟೆಯಾಗಬಾರದು, ಟಿಸಿಯ ಮೇಲೆ ಷರಾ ಆಗಬಾರದು. ಮಗುವಿನ ಜೀವಕ್ಕೆ ಅಪಾಯವಿದ್ದಾಗ, ಪೋಕ್ಸೊ ಕಾಯ್ದೆಯಂತೆ ದೂರು ಕೊಡಲೇಬೇಕಾದಾಗ ಮಾತ್ರ ಅದು ಹೊರಗೆ ಹೋಗಬೇಕು. ಈ ಭರವಸೆ ಕಾಯ್ದೆಯಲ್ಲೇ ಬರೆದಿರದಿದ್ದರೆ ಯಾವ ಮಗುವೂ ಆ ಕೋಣೆಯ ಬಾಗಿಲು ತಟ್ಟುವುದಿಲ್ಲ.

ಇಷ್ಟೊಂದು ಜನರನ್ನು ಎಲ್ಲಿಂದ ತರುವುದು ಎನ್ನುವವರಿದ್ದಾರೆ. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ಇದನ್ನು ಮಾಡಿ ತೋರಿಸಿದೆ. ಮನೋವೈದ್ಯರಿಗಾಗಿ ಕಾಯದೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನೇ ತರಬೇತಿಗೊಳಿಸಿತು. ಅದೇ ಮಾದರಿಯಲ್ಲಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಶುರುವಾಯಿತು. ಮನಶ್ಶಾಸ್ತ್ರ ಓದಿದವರು, ಎಂಎಸ್‌ಡಬ್ಲ್ಯು ಮಾಡಿದವರು ನಮ್ಮ ವಿಶ್ವವಿದ್ಯಾಲಯಗಳಿಂದ ವರ್ಷ ವರ್ಷವೂ ಹೊರಬರುತ್ತಿದ್ದಾರೆ. ಅವರಿಗೆ ಮಕ್ಕಳ ಮನಸ್ಸಿನ ತರಬೇತಿ ಕೊಡಿ, ಕೆಲಸ ಕೊಡಿ. 2018ರಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಬೇಕಾದಷ್ಟು ಸಿಬ್ಬಂದಿಯನ್ನು ಒದಗಿಸುವ ಪ್ರಯತ್ನಕ್ಕೆ ಸರ್ಕಾರಗಳಿಗೆ ಕೊಟ್ಟದ್ದು 10 ವರ್ಷ. 2028ಕ್ಕೆ ಆ ಗಡುವು ಮುಗಿಯುತ್ತದೆ.

ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಈ ಕರಪತ್ರವನ್ನು ಓದಿ, ಠರಾವು ಮಾಡಿ, ನಿಮ್ಮ ಶಾಸಕರ ಕೈಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಮಕ್ಕಳ ಗ್ರಾಮ ಸಭೆಯಲ್ಲಿ ಮಕ್ಕಳಿಂದಲೇ ಈ ಬೇಡಿಕೆ ಬರಲಿ.

ಇದನ್ನು ಓದುವಾಗ ನಿಮ್ಮ ಮನೆಯ ಮಗುವಿನ ಮುಖ ನೆನಪಾದರೆ ಕಾಯ್ದೆಗಾಗಿ ಕಾಯಬೇಡಿ. ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ತೆರೆದಿರುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.