ಮರಿ ಓಕರಿಸಿದ್ರ ಎಲ್ಲಾನೂ ಕೂದಲಲ್ಲ

ನಮ್ಮ ಓಣ್ಯಾಗ ಬೆಕ್ಕು ಖ್ಯಾಕ್ ಖ್ಯಾಕ್ ಅಂದ್ರ ಸಾಕು, "ಕೂದಲ ನುಂಗೇದ ಬಿಡ್ರಿ, ತಾನ ಕಕ್ಕತದ" ಅಂತೇವಿ. ದೊಡ್ಡ ಬೆಕ್ಕಿಗೆ ಈ ಮಾತು ಖರೇನೂ ಇರಬಹುದು. ಮೂರು ತಿಂಗಳ ಮರಿಗೆ ಮಾತ್ರ ಹಿಂಗ ಅಂದು ಸುಮ್ಮನ ಕೂಡಬ್ಯಾಡ್ರಿ. ನಾನು ಎರಡು ದಿವಸ ಹಂಗ ಕೂತಾಕಿ, ಅದಕ್ಕ ಹೇಳ್ತೇನಿ.

ಹೋದ ಶ್ರಾವಣದಾಗ ನಮ್ಮನಿ ಮರಿ ಊಟ ಬಿಟ್ಟಿತು. ಜೊಲ್ಲು ಸುರಸೋದು, ಮುಂಗಾಲಿಂದ ಬಾಯಿ ತಿಕ್ಕೋದು, ಓಕರಿಸೋದು, ಆದ್ರ ಏನೂ ಬೀಳವಲ್ದು. ಬಾಜೂಮನಿ ವೈನಿ ಬಂದು, "ಒಂದು ಚಮಚ ಔಡಲೆಣ್ಣಿ ಹಾಕ್ರಿ, ಜಾರಿ ಹೋಗ್ತದ" ಅಂದ್ರು. ನಾನು ಬಟ್ಟಲದಾಗ ಎಣ್ಣಿ ತಗೊಂಡು ಕೂತೂ ಬಿಟ್ಟಿದ್ದೆ. ಮಗಳು ಬಟ್ಟಲ ಕಸಗೊಂಡು ಮರೀನ್ನ ಚೀಲದಾಗ ಹಾಕ್ಕೊಂಡು ದನದ ದವಾಖಾನಿಗೆ ಹೊಂಟೇಬಿಟ್ಟಳು.

ಡಾಕ್ಟರು ನಾಲಿಗಿ ಎತ್ತಿ ತೋರಿಸಿದ್ರು. ನಾಲಿಗಿ ಬುಡಕ್ಕ ಬಿಳಿ ದಾರ ಸುತ್ತಿಕೊಂಡಿತ್ತು. ಶುಕ್ರವಾರ ಮಲ್ಲಿಗಿ ಕಟ್ಟಿ ನಾನ ನೆಲದ ಮ್ಯಾಲೆ ಬಿಟ್ಟ ದಾರ! ಒಂದು ತುದಿ ಅಲ್ಲಿ, ಇನ್ನೊಂದು ಹೊಟ್ಟಿವಳಗ. ನಾನು ಜಗ್ಗಲಿಕ್ಕೆ ಕೈ ಹಾಕಿದ್ರ ಗದರಿಸಿದ್ರು. ಜಗ್ಗಿದ್ರ ದಾರ ಬಿಗದು ಕರುಳು ಕೊಯ್ಯತದಂತ. ಆಪರೇಶನ್ ಆತು, ಮರಿ ಉಳೀತು. ಎಣ್ಣಿ ಹಾಕಿದ್ರ ಏನಾಗ್ತಿತ್ತು ಅಂತ ಕೇಳಿದೆ. ಓಕರಿಸೋ ಮರಿಗೆ ಬಲವಂತದಿಂದ ಎಣ್ಣಿ ಹೊಯ್ದ್ರ ಅದು ಪುಪ್ಪುಸಕ್ಕ ಇಳೀತದ, ನ್ಯುಮೋನಿಯಾ ಆಗ್ತದ ಅಂದ್ರು. ಆ ರಾತ್ರಿ ನನಗ ನಿದ್ದಿ ಹತ್ತಲಿಲ್ಲ.

ಬೆಕ್ಕಿನ ನಾಲಿಗಿ ಮ್ಯಾಲೆ ಹಿಂದಕ್ಕ ಬಾಗಿದ ಸಣ್ಣ ಮುಳ್ಳು ಇರ್ತಾವ, ನೆಕ್ಕಿದ ಕೂದಲ ಒಳಗ ಹೋಗಾವ. ಬಹಳಷ್ಟು ಹೇಲಿನ ಜೋಡಿ ಹೊರಗ ಬೀಳ್ತದ. ಉಳಿದದ್ದು ಒಮ್ಮೊಮ್ಮೆ ಉದ್ದನ ಉಂಡಿಯಾಗಿ ಬಾಯಿಂದ ಬರ್ತದ. ಆದ್ರ ಸಣ್ಣ ಮರಿ ತನ್ನ ಮೈ ನೆಕ್ಕೋದೇ ಕಡಿಮಿ. ಅದಕ್ಕ ಕೂದಲ ಉಂಡಿ ಅಪರೂಪ. ಮತ್ತ ಕುತಗಿ ಚಾಚಿ, ನೆಲಕ್ಕ ಕುಕ್ಕರಿಸಿ ಖ್ಯಾಕರಿಸಿ ಏನೂ ಬೀಳಲಿಲ್ಲಂದ್ರ ಅದು ಓಕರಿಕಿ ಅಲ್ಲ, ಕೆಮ್ಮು ಇರಬಹುದು. ಕಣ್ಣು ಮೂಗು ಸೋರೋ ನೆಗಡಿ ಮರಿಗೋಳಿಗೆ ಭಾಳ ಬರ್ತದ. ಒಮ್ಮೊಮ್ಮೆ ಮೀನಿನ ಮುಳ್ಳು ಸಿಕ್ಕಿರ್ತದ.

ಅಂದಹಂಗ ನೆಗಡಿ ಅಂತ ಮಕ್ಕಳ ಜ್ವರದ ಔಷಧ ಕೊಡೋರೂ ಇದ್ದಾರ. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ, ಅರ್ಧ ಗುಳಿಗಿನೂ ಜೀವ ತಗೀತದ. ಇದೊಂದು ಮಾತಿನಾಗ ಯಾವ ಅಜ್ಜಿ ಮಾತೂ ನಾ ಕೇಳೂದಿಲ್ಲ.

ಮರಿ ಒಂದು ದಿವಸ ಉಣ್ಣಲಿಲ್ಲಂದ್ರ, ಬಾಯಿ ತೆರದು ಉಸರಾಡಿದ್ರ, ಇಲ್ಲಾ ಜೊಲ್ಲು ನಿಲ್ಲಲಿಲ್ಲಂದ್ರ ಆವತ್ತ ದವಾಖಾನಿಗೆ ಒಯ್ಯರಿ. "ಬೆಕ್ಕಿಗ್ಯಾಕ ಇಷ್ಟು ಖರ್ಚು" ಅಂತ ನಮ್ಮ ಯಜಮಾನರೂ ಅಂದ್ರು. ಈಗ ಸಂಜಿಮುಂದ ಅದು ಅವರ ತೊಡಿ ಮ್ಯಾಲೇ ಮಲಗಿರ್ತದ.

ನಾನು ಹೂ ಕಟ್ಟಲಿಕ್ಕೆ ಕೂತ್ರ ಓಡಿ ಬರ್ತದ. ಮೊದಲ ಅದನ್ನ ಹೊರಗ ಹಾಕಿ ಬಾಗಲಾ ಮುಚ್ಚತೇನಿ. ಉಳಿದ ದಾರ ಡಬ್ಬಿಗೆ.